ಕಲ್ಲಿದ್ದಲಿನಿಂದ ಡೀಸೆಲ್: ವಿದ್ಯೆ ನಿಜ, ಪಾಲುಪತ್ರ ಬೇಡ

ಪ್ರಶ್ನೆ: ನಾವು ಹೊಸನಗರ ತಾಲೂಕಿನ ಅಡಿಕೆ ಬೆಳೆಗಾರರು. ಕಳೆದ ತಿಂಗಳು ನಮ್ಮೂರಿನ ಸಂಘದ ಸಭೆಗೆ ಹೊರಗಿನವರೊಬ್ಬರು ಬಂದಿದ್ದರು. ಕಲ್ಲಿದ್ದಲು ಪುಡಿಗೆ ಅಡಿಕೆ ಸಿಪ್ಪೆ ಸೇರಿಸಿ ಡೀಸೆಲ್ ತೆಗೆಯುವ ಯಂತ್ರ ಕೂರಿಸುತ್ತೇವೆ, ದಿನಕ್ಕೆ ಹತ್ತು ಟನ್ ಹಾಕಿದರೆ ಐದು ಸಾವಿರ ಲೀಟರ್ ಬರುತ್ತದೆ, ಪಾಲು ಒಂದಕ್ಕೆ ಎರಡು ಲಕ್ಷ ಎಂದರು. ಜರ್ಮನಿ ಯುದ್ಧಕಾಲದಲ್ಲಿ ಇದನ್ನೇ ಮಾಡಿತ್ತಂತೆ, ಭದ್ರಾವತಿಯಲ್ಲೂ ನೂರು ವರ್ಷದ ಹಿಂದೆ ಮಾಡಿದ್ದರಂತೆ. ಎಂಜಿನಿಯರಿಂಗ್ ಓದುತ್ತಿರುವ ಮಗ ಜರ್ಮನಿಯ ಕಥೆ ನಿಜವೇ ಎನ್ನುತ್ತಾನೆ. ದೇಶದಲ್ಲಿ ಇಷ್ಟೊಂದು ಕಲ್ಲಿದ್ದಲು ಇದ್ದೂ ಸರಕಾರವೇ ಯಾಕೆ ಮಾಡುತ್ತಿಲ್ಲ? ನಾವು ಪಾಲು ತೆಗೆದುಕೊಳ್ಳಬಹುದೇ? ಬಂದವರು ಒಂದು ಬಾಟಲಿ ಎಣ್ಣೆ ಕೊಟ್ಟುಹೋಗಿದ್ದಾರೆ. ಅದನ್ನು ಟಿಲ್ಲರಿಗೆ ಹಾಕಿ ನೋಡಬಹುದೇ?

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಸಭೆಗೆ ಬಂದವರು ಹೇಳಿದ್ದರಲ್ಲೂ ಅರ್ಧ ಸರಿ. ತೊಂದರೆ ಇರುವುದೇ ಅಲ್ಲಿ. ಪೂರಾ ಸುಳ್ಳಾಗಿದ್ದರೆ ನೀವು ನನಗೆ ಬರೆಯುತ್ತಲೇ ಇರಲಿಲ್ಲ, ಕಾಫಿ ಕುಡಿಸಿ ಕಳಿಸುತ್ತಿದ್ದಿರಿ. ನಾನು ಕೆಲಸದಲ್ಲಿದ್ದ ವರ್ಷಗಳಲ್ಲೆಲ್ಲ ಗೊಬ್ಬರದ ಕಾರ್ಖಾನೆಯ ಅನಿಲ ವಿಭಾಗದ ಕೊಳವೆ, ಕವಾಟಗಳ ನಡುವೆ ಓಡಾಡಿದವನು. ಅದರಲ್ಲಿ ಕಂಡದ್ದು, ಓದಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ. ಎರಡು ಲಕ್ಷದ ವಿಷಯವಾದ್ದರಿಂದ ಸಹಿಸಿಕೊಳ್ಳಿ.

ಕಲ್ಲಿದ್ದಲಿಗೂ ಡೀಸೆಲಿಗೂ ಮೂಲದಲ್ಲಿ ನೆಂಟಸ್ತನ ಉಂಟು. ಎರಡೂ ಮುಖ್ಯವಾಗಿ ಇಂಗಾಲ ಮತ್ತು ಜಲಜನಕ. ಪ್ರಮಾಣ ಮಾತ್ರ ಬೇರೆ. ಕಲ್ಲಿದ್ದಲಿನಲ್ಲಿ ನೂರು ಇಂಗಾಲದ ಪರಮಾಣುಗಳಿಗೆ ಎಂಬತ್ತರ ಆಸುಪಾಸು ಜಲಜನಕ ಇದ್ದರೆ, ಡೀಸೆಲಿನಲ್ಲಿ ನೂರಕ್ಕೆ ಹತ್ತಿರ ಹತ್ತಿರ ಇನ್ನೂರು. ಹಾಗಾಗಿ ಕಲ್ಲಿದ್ದಲನ್ನು ಡೀಸೆಲ್ ಮಾಡುವುದೆಂದರೆ ಅದಕ್ಕೆ ಜಲಜನಕ ಉಣಿಸುವುದು. ಆ ಜಲಜನಕ ಎಲ್ಲಿಂದ ಬರಬೇಕು? ನೀರಿನಿಂದ. ನೀರೋ ತನ್ನ ಜಲಜನಕವನ್ನು ಸುಮ್ಮನೆ ಬಿಟ್ಟುಕೊಡುವುದಿಲ್ಲ. ಕೆಂಪಗೆ ಕಾದ ಕಲ್ಲಿದ್ದಲಿನ ಮೇಲೆ ಹಬೆ ಹಾಯಿಸಬೇಕು; ಆಗ ಇಂಗಾಲವು ನೀರಿನ ಆಮ್ಲಜನಕವನ್ನು ಕಿತ್ತುಕೊಂಡು ಇಂಗಾಲದ ಮೊನಾಕ್ಸೈಡ್ ಆಗುತ್ತದೆ, ಜಲಜನಕ ಬಿಡುಗಡೆಯಾಗುತ್ತದೆ. ಇಷ್ಟು ಮಾಡಲು ಬೇಕಾದ ಕಾವೂ ಕಲ್ಲಿದ್ದಲನ್ನೇ ಸುಟ್ಟು ಬರಬೇಕು. ಅಂದರೆ ತೊಟ್ಟಿಗೆ ಸುರಿದ ಕಲ್ಲಿದ್ದಲಿನಲ್ಲಿ ಒಂದು ಪಾಲು ಎಣ್ಣೆಯಾಗುತ್ತದೆ, ಇನ್ನೊಂದು ಪಾಲು ಆ ಎಣ್ಣೆಗೆ ಜಲಜನಕ ಸಂಪಾದಿಸಿಕೊಟ್ಟು ತಾನು ಹೊಗೆಯಾಗಿ ಹೋಗುತ್ತದೆ. ಈ ಎರಡನೆಯ ಪಾಲು ಸಣ್ಣದಲ್ಲ, ಸಾಮಾನ್ಯವಾಗಿ ಅರ್ಧದಷ್ಟು. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ನಿಮ್ಮ ಮಗನಿಗೆ ಗೊತ್ತಿರುವ ಜರ್ಮನಿಯ ಕಥೆಯಲ್ಲಿ ಎರಡು ದಾರಿಗಳಿವೆ. 1913ರಲ್ಲಿ ಫ್ರೀಡ್ರಿಶ್ ಬರ್ಗಿಯುಸ್ ಎಂಬಾತ ಕಲ್ಲಿದ್ದಲು ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಭಾರೀ ಒತ್ತಡದಲ್ಲಿ ಜಲಜನಕ ತುಂಬಿ ನೇರವಾಗಿ ದ್ರವ ಮಾಡಿದ. ಗಾಳಿಯ ಸಾಮಾನ್ಯ ಒತ್ತಡದ ನೂರಾರು ಪಟ್ಟು, 400 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಕಾವು. ಅಧಿಕ ಒತ್ತಡದ ರಸಾಯನ ವಿಧಾನಗಳಿಗಾಗಿ ಆತನಿಗೂ ಕಾರ್ಲ್ ಬಾಷ್‌ಗೂ 1931ರಲ್ಲಿ ನೊಬೆಲ್ ಬಂತು. ಇನ್ನೊಂದು ದಾರಿ ಫ್ರಾನ್ಸ್ ಫಿಷರ್ ಮತ್ತು ಹಾನ್ಸ್ ಟ್ರೋಪ್ಷ್ ಅವರದು, 1925ರ ಸುಮಾರಿನದು. ಅವರು ಮೊದಲು ಕಲ್ಲಿದ್ದಲನ್ನು ಪೂರ್ತಿ ಅನಿಲ ಮಾಡಿ, ಆ ಅನಿಲವನ್ನು ಕಬ್ಬಿಣ ಅಥವಾ ಕೋಬಾಲ್ಟಿನ ಕ್ರಿಯಾವರ್ಧಕದ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತು) ಮೇಲೆ ಹಾಯಿಸಿ, ಇಂಗಾಲದ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಹೆಣೆದರು. ಹಳೆಯ ಮನೆ ಕೆಡವಿ ಅದೇ ಇಟ್ಟಿಗೆಯಲ್ಲಿ ಹೊಸ ಮನೆ ಕಟ್ಟಿದ ಹಾಗೆ.

ಈ ಹೆಣಿಗೆಯಲ್ಲಿ ಒಂದು ತರಲೆ ಇದೆ, ಅಡಿಕೆಯವರಿಗೆ ಬೇಗ ತಿಳಿಯುತ್ತದೆ. ಶಿವಮೊಗ್ಗ ಮಾರುಕಟ್ಟೆಗೆ ಹೋಗುವ ಮುನ್ನ ನಿಮ್ಮ ಅಂಗಳದಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಎಲ್ಲ ಬೇರೆ ಬೇರೆ ಆಗಬೇಕಲ್ಲ? ಇಲ್ಲೂ ಹಾಗೆಯೇ. ಕ್ರಿಯಾವರ್ಧಕದಿಂದ ಬರೀ ಡೀಸೆಲ್ ಇಳಿಯುವುದಿಲ್ಲ. ಒಂದೇ ಇಂಗಾಲದ ಮೀಥೇನ್, ಅಡುಗೆ ಅನಿಲದಂಥದ್ದು, ಪೆಟ್ರೋಲಿನಂಥದ್ದು, ಡೀಸೆಲಿನಂಥದ್ದು, ಮೇಣ, ಎಲ್ಲ ಒಟ್ಟಿಗೆ ಬರುತ್ತದೆ. ಮೇಣವನ್ನು ಮತ್ತೆ ಜಲಜನಕ ಹಾಕಿ ಮುರಿಯಬೇಕು, ಹಗುರವಾದದ್ದನ್ನು ಮತ್ತೆ ಕೂಡಿಸಬೇಕು. ಜೊತೆಗೆ ಕಲ್ಲಿದ್ದಲಿನ ಗಂಧಕ ಚೂರೇ ಚೂರು ತಾಗಿದರೂ ಕ್ರಿಯಾವರ್ಧಕ ಸತ್ತುಹೋಗುತ್ತದೆ; ಅನಿಲವನ್ನು ಮೊದಲು ಗಂಜಿ ಬಸಿದಂತೆ ಬಸಿದು ಸ್ವಚ್ಛ ಮಾಡಬೇಕು. ಅದಕ್ಕೊಂದು ಘಟಕ, ಆಮ್ಲಜನಕಕ್ಕೊಂದು ಘಟಕ, ಹಬೆಗೊಂದು, ಬೂದಿಗೊಂದು. ಕ್ರಿಯೆಯಲ್ಲಿ ಹುಟ್ಟುವ ಕಾವನ್ನು ಹೊರಗೆಳೆಯದಿದ್ದರೆ ಎಲ್ಲ ಮೀಥೇನ್ ಆಗಿಬಿಡುತ್ತದೆ. ಇದೆಲ್ಲ ದೊಡ್ಡ ಗಾತ್ರದಲ್ಲಿ ಮಾಡಿದರಷ್ಟೇ ಲೆಕ್ಕಕ್ಕೆ ಕೂರುತ್ತದೆ. ಹತ್ತು ಟನ್ನಿನ ಯಂತ್ರದಲ್ಲಿ ಇಷ್ಟೆಲ್ಲ ಎಲ್ಲಿ ಕೂರಿಸುತ್ತಾರೆ ಎಂದು ಅವರನ್ನು ಕೇಳಬೇಕಿತ್ತು.

ಜರ್ಮನಿ ಯಾಕೆ ಮಾಡಿತು? ಬೇರೆ ದಾರಿ ಇರಲಿಲ್ಲ. ನೆಲದಲ್ಲಿ ಎಣ್ಣೆ ಇಲ್ಲ, ಯುದ್ಧದಲ್ಲಿ ಸಮುದ್ರದ ದಾರಿ ಇಲ್ಲ, ಕಲ್ಲಿದ್ದಲು ಮಾತ್ರ ಬೇಕಾದಷ್ಟು. 1944ರ ಆರಂಭಕ್ಕೆ ಇಪ್ಪತ್ತೈದು ಕಾರ್ಖಾನೆಗಳಿಂದ ದಿನಕ್ಕೆ 1,24,000 ಬ್ಯಾರೆಲ್‌ನಷ್ಟು ತೆಗೆಯುತ್ತಿದ್ದರು. ವಿಮಾನದ ಪೆಟ್ರೋಲ್ ಬಹುಪಾಲು ಇದರದ್ದೇ. ಆ ವರ್ಷ ಮೇ ತಿಂಗಳಿಂದ ಮಿತ್ರಪಡೆಗಳ ಬಾಂಬುಗಳು ಈ ಕಾರ್ಖಾನೆಗಳ ಮೇಲೇ ಬೀಳತೊಡಗಿದವು, ಉತ್ಪಾದನೆ ನೆಲಕಚ್ಚಿತು. ಖರ್ಚಿನ ಲೆಕ್ಕ ಯಾರೂ ಕೇಳದ ಕಾಲ ಅದು. ಕೂಲಿಯ ಲೆಕ್ಕವೂ ಕೇಳಬಾರದಿತ್ತು: ಔಶ್ವಿಟ್ಸ್ ಪಕ್ಕದ ಮೊನೊವಿಟ್ಸ್‌ನಲ್ಲಿ ಇಂಥದೇ ಕಾರ್ಖಾನೆ ಕಟ್ಟಲು ಸೆರೆಯಾಳುಗಳನ್ನು ದುಡಿಸಿ ಸಾಯಿಸಿದರು. "ಜರ್ಮನಿ ಮಾಡಿತ್ತು" ಎನ್ನುವವರು ಇಷ್ಟನ್ನೂ ಸೇರಿಸಿ ಹೇಳಬೇಕು.

ಯುದ್ಧ ಮುಗಿದ ಮೇಲೆ ಅಗ್ಗದ ಎಣ್ಣೆ ಬಂತು, ಎಲ್ಲರೂ ಇದನ್ನು ಮರೆತರು. ಬಿಡದೆ ಹಿಡಿದುಕೊಂಡದ್ದು ದಕ್ಷಿಣ ಆಫ್ರಿಕಾ. ಅಲ್ಲಿನ ಸಾಸೊಲ್ ಕಂಪನಿ 1950ರಲ್ಲಿ ಹುಟ್ಟಿ 1955ರಲ್ಲಿ ಎಣ್ಣೆ ಇಳಿಸಿತು. ವರ್ಣಭೇದ ನೀತಿಯ ಕಾರಣಕ್ಕೆ ಅರಬ್ ದೇಶಗಳು, 1979ರ ಕ್ರಾಂತಿಯ ನಂತರ ಇರಾನ್ ಕೂಡ, ಅವರಿಗೆ ಎಣ್ಣೆ ಕೊಡುವುದನ್ನು ನಿಲ್ಲಿಸಿದಾಗ ಸಿಕುಂಡಾ ಎಂಬಲ್ಲಿ ಇನ್ನೂ ದೊಡ್ಡದು ಕಟ್ಟಿದರು. ದಿನಕ್ಕೆ ಒಂದೂವರೆ ಲಕ್ಷ ಬ್ಯಾರೆಲ್ ಸಾಮರ್ಥ್ಯದ ಆ ಸ್ಥಾವರ ಈಗಲೂ ನಡೆಯುತ್ತಿದೆ. ಒಂದೇ ಜಾಗದಿಂದ ಹೊರಡುವ ಇಂಗಾಲದ ಡೈ ಆಕ್ಸೈಡಿನಲ್ಲಿ ಅದು ಲೋಕಕ್ಕೇ ಮೊದಲನೆಯದು: ವರ್ಷಕ್ಕೆ 5 ಕೋಟಿ ಟನ್ನಿಗೂ ಮೀರಿ. ಮೇಲೆ ಹೇಳಿದ "ಹೊಗೆಯಾಗಿ ಹೋಗುವ ಪಾಲು" ಇದೇ. ಚೀನಾ 2008ರಲ್ಲಿ ಓರ್ಡೋಸ್‌ನಲ್ಲಿ ನೇರ ದ್ರವೀಕರಣದ ಸ್ಥಾವರ ಶುರುಮಾಡಿತು, 2016ರ ಕೊನೆಗೆ ನಿಂಗ್ಶಿಯಾದಲ್ಲಿ ವರ್ಷಕ್ಕೆ 40 ಲಕ್ಷ ಟನ್ ಎಣ್ಣೆಯ ಸ್ಥಾವರ ತೆರೆಯಿತು. ಅವರಿಗೂ ಮುಖ್ಯವಾದದ್ದು ಲಾಭವಲ್ಲ, ಎಣ್ಣೆ ಹಡಗು ನಿಂತರೆ ಏನು ಗತಿ ಎಂಬ ದಿಗಿಲು.

ಇನ್ನು ಭದ್ರಾವತಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮ ಜಿಲ್ಲೆಯ ಕಥೆಯನ್ನು ಬೇರೆಯವರು ಬಂದು ನಮಗೇ ಮಾರಬಾರದು.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಹೊತ್ತಿದಾಗ ಅದಕ್ಕೆ ಹಾಕಿದ್ದು ಕಲ್ಲಿದ್ದಲಲ್ಲ, ಇದ್ದಿಲು. ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಭದ್ರೆಯಲ್ಲಿ ನೀರಿತ್ತು, ಕಲ್ಲಿದ್ದಲು ಮಾತ್ರ ಇರಲಿಲ್ಲ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿನ ಪದರವೇ ಇಲ್ಲ. ನಮ್ಮ ಬಂಡೆಗಳು ಕಾಡು ಹುಟ್ಟಿ ಹೂತು ಕಲ್ಲಿದ್ದಲಾದ ಕಾಲಕ್ಕಿಂತ ಬಹಳ ಹಳೆಯವು. ಹಾಗಾಗಿ ಮಲೆನಾಡಿನ ಕಾಡನ್ನೇ ಕಡಿದು ಇದ್ದಿಲು ಮಾಡಿದರು. ಅದನ್ನು ಹಳ್ಳಿಯ ಇದ್ದಿಲು ಗೂಡಿನ ಹಾಗೆ ಹೊಗೆ ಬಿಟ್ಟು ಸುಡಲಿಲ್ಲ. ಮುಚ್ಚಿದ ಕಬ್ಬಿಣದ ಭಟ್ಟಿಯಲ್ಲಿ ಕಟ್ಟಿಗೆ ಕಾಯಿಸಿ, ಏಳುವ ಹೊಗೆಯನ್ನು ತಣಿಸಿ, ಅದರಿಂದ ಮೆಥನಾಲ್, ಅಸಿಟಿಕ್ ಆಮ್ಲದ ಸುಣ್ಣ, ಟಾರು ಹಿಡಿದರು. ಘನ ಇಂಧನದಿಂದ ದ್ರವ ತೆಗೆದದ್ದು ಹೌದು, ಅದೂ ನಮ್ಮೂರಲ್ಲೇ. ವಿಶ್ವೇಶ್ವರಯ್ಯನವರು ಕಾರ್ಖಾನೆಯ ಆಡಳಿತ ಹೊತ್ತಿದ್ದಾಗ ಇಂಥ ಉಪಉತ್ಪನ್ನಗಳೇ ಲೆಕ್ಕದ ತಕ್ಕಡಿಯನ್ನು ಸರಿದೂಗಿಸಬೇಕಿತ್ತು.

ಎಷ್ಟು ದ್ರವ ಬರುತ್ತಿತ್ತು ಎಂಬುದನ್ನು ಮಾತ್ರ ನಿಮ್ಮ ಸಭೆಯಲ್ಲಿ ಹೇಳಿರಲಿಕ್ಕಿಲ್ಲ. ಈ ವಿಧಾನದಲ್ಲಿ ಒಂದು ಟನ್ ಒಣ ಕಟ್ಟಿಗೆಯಿಂದ ಹತ್ತಿಪ್ಪತ್ತು ಕಿಲೋ ಮೆಥನಾಲ್ ಸಿಕ್ಕರೆ ಪುಣ್ಯ. ಕಟ್ಟಿಗೆಯಿಂದ ಬರುವುದರಿಂದಲೇ ಅದಕ್ಕೆ ಮರದ ಮದ್ಯಸಾರ ಎಂಬ ಹೆಸರು. ಆ ಕಾಲದಲ್ಲಿ ಅದು ಇಂಧನವಾಗಿ ಅಲ್ಲ, ರಾಸಾಯನಿಕವಾಗಿ ಬಿಕರಿಯಾಗುತ್ತಿತ್ತು. ಕುಲುಮೆಗೆ ಬೇಕಾದದ್ದು ಇದ್ದಿಲು. ದ್ರವ ಸಿಕ್ಕಿದ್ದು ಕಬ್ಬಿನ ಗಾಣದಲ್ಲಿ ಸಿಪ್ಪೆ ಸಿಕ್ಕಿದ ಹಾಗೆ. ಕಾಡು ದೂರ ದೂರ ಸರಿಯಿತು, ಇದ್ದಿಲು ದುಬಾರಿಯಾಯಿತು, 1948ರಲ್ಲಿ ಜೋಗದ ವಿದ್ಯುತ್ ಬಂದ ಮೇಲೆ ಕಬ್ಬಿಣಕ್ಕೆ ವಿದ್ಯುತ್ ಕುಲುಮೆಗಳತ್ತ ತಿರುಗಿದರು. ಭದ್ರಾವತಿಯ ಉದಾಹರಣೆ ಕೊಡುವವರು ಕಾಡಿನ ಆ ಲೆಕ್ಕವನ್ನು ಬಿಟ್ಟು ಮೆಥನಾಲನ್ನಷ್ಟೇ ಹೇಳಿದರೆ ಅದು ಅರ್ಧ ಕಥೆ.

ಇನ್ನೊಂದು ನೆನಪು ಮಲೆನಾಡಿನ ಹಳಬರಿಗೆ ಇರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸಿನ ಬೆನ್ನಿಗೆ ಡ್ರಮ್ಮಿನಂಥ ಒಲೆ ಕಟ್ಟಿ, ಇದ್ದಿಲಿನ ಅನಿಲದಲ್ಲಿ ಓಡಿಸುತ್ತಿದ್ದರು. ನಮ್ಮಜ್ಜ ಹೇಳುತ್ತಿದ್ದರು: ಹೊರಡುವ ಮುಂಚೆ ಕ್ಲೀನರ್ ಅರ್ಧ ಗಂಟೆ ಗಾಳಿ ತಿರುಗಿಸಬೇಕು, ಏರು ಬಂದರೆ ಗಂಡಸರೆಲ್ಲ ಇಳಿಯಬೇಕು, ತಿರುವಿನಲ್ಲಿ ತಳ್ಳಬೇಕು. ಆ ಅನಿಲದಲ್ಲಿ ಕೆಲಸ ಮಾಡುತ್ತಿದ್ದದ್ದು ಇದೇ ಇಂಗಾಲದ ಮೊನಾಕ್ಸೈಡ್. ವಾಸನೆಯಿಲ್ಲದ ವಿಷ. ಯುದ್ಧ ಮುಗಿದು ಪೆಟ್ರೋಲ್ ಸಿಕ್ಕಿದ್ದೇ ತಡ, ಡ್ರಮ್ಮುಗಳೆಲ್ಲ ಗುಜರಿಗೆ ಹೋದವು. ಯಾರೂ ಬೇಸರ ಪಟ್ಟುಕೊಂಡ ನೆನಪಿಲ್ಲ.

ಸರಕಾರ ಯಾಕೆ ಮಾಡುತ್ತಿಲ್ಲ ಎಂದು ಕೇಳಿದ್ದೀರಿ. ಮಾಡಲು ಹೊರಟಿತ್ತು. 2009ರಲ್ಲಿ ಒಡಿಶಾದ ತಾಲ್ಚೇರ್ ಪ್ರದೇಶದಲ್ಲಿ ಎರಡು ಕಲ್ಲಿದ್ದಲು ಬ್ಲಾಕುಗಳನ್ನು ಇದಕ್ಕೆಂದೇ ಹಂಚಿದರು. ಒಂದು ಟಾಟಾ ಮತ್ತು ಸಾಸೊಲ್ ಜಂಟಿ ಕಂಪನಿಗೆ, ಇನ್ನೊಂದು ಜಿಂದಾಲ್ ಸ್ಟೀಲ್ ಅಂಡ್ ಪವರ್‌ಗೆ. ಒಂದೊಂದೂ ದಿನಕ್ಕೆ 80,000 ಬ್ಯಾರೆಲ್ ತೆಗೆಯುವ ಯೋಜನೆ. ಟಾಟಾ-ಸಾಸೊಲ್ ಸ್ಥಾವರಕ್ಕೆ ಆಗ ಹೇಳಿದ ಅಂದಾಜೇ ಸಾವಿರ ಕೋಟಿ ಡಾಲರಿನಷ್ಟು. 2014ರಲ್ಲಿ ಸುಪ್ರೀಂ ಕೋರ್ಟ್ ಹಳೆಯ ಹಂಚಿಕೆಗಳಲ್ಲಿ 214ನ್ನು ರದ್ದು ಮಾಡಿದಾಗ ಇವೂ ಹೋದವು. ಕೋರ್ಟಿನ ತೀರ್ಪೇ ಯೋಜನೆಯನ್ನು ಕೊಂದಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅದೇ ವರ್ಷ ಕಚ್ಚಾ ಎಣ್ಣೆಯ ದರ ಬ್ಯಾರೆಲ್ಲಿಗೆ 110 ಡಾಲರಿನ ಮೇಲಿಂದ ಜಾರಲು ಶುರುವಾಗಿ 2016ರ ಜನವರಿಗೆ 30ಕ್ಕಿಂತ ಕೆಳಗಿಳಿಯಿತು. ಬ್ಲಾಕ್ ಉಳಿದಿದ್ದರೂ ಆ ದರಕ್ಕೆ ಯಾರು ದುಡ್ಡು ಹಾಕುತ್ತಿದ್ದರು?

ಈ ಆಟ ಹಳೆಯದು. 1973, 1979ರ ಎಣ್ಣೆ ಬಿಕ್ಕಟ್ಟು ಕಂಡು ಅಮೆರಿಕ 1980ರಲ್ಲಿ ಕೃತಕ ಇಂಧನಕ್ಕೆಂದೇ ಒಂದು ಸರಕಾರಿ ನಿಗಮ ಕಟ್ಟಿತು. 1986ರಲ್ಲಿ ದರ ಕುಸಿದ ಹೊತ್ತಿಗೆ ಅದನ್ನು ಮುಚ್ಚಿತ್ತು. 2008ರ ಜುಲೈಯಲ್ಲಿ ಎಣ್ಣೆ 147 ಡಾಲರ್ ಮುಟ್ಟಿದಾಗ ಲೋಕದ ತುಂಬ ಕಲ್ಲಿದ್ದಲು ಡೀಸೆಲಿನ ವರದಿಗಳು. ಡಿಸೆಂಬರಿನಲ್ಲಿ 40ಕ್ಕಿಂತ ಕೆಳಗೆ ಬಂದಾಗ ವರದಿಗಳೆಲ್ಲ ಕಪಾಟಿಗೆ. ಸ್ಥಾವರ ಕಟ್ಟಿ ಎಣ್ಣೆ ಇಳಿಸಲು ಎಂಟು ಹತ್ತು ವರ್ಷ ಬೇಕು, ಎಣ್ಣೆಯ ದರ ಅಷ್ಟರಲ್ಲಿ ಎರಡು ಸಲ ಹತ್ತಿ ಇಳಿದಿರುತ್ತದೆ. ಅಡಿಕೆ ದರ ಏರಿದ ವರ್ಷ ಗದ್ದೆ ಮುಚ್ಚಿ ಸಸಿ ನೆಟ್ಟವರಿಗೆ ಫಸಲು ಬರುವಾಗ ಏನು ಕಾದಿರುತ್ತದೆ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ ಸಸಿಯ ಬೆಲೆ ಸಾವಿರ ಕೋಟಿ ಡಾಲರ್, ಅಷ್ಟೇ ವ್ಯತ್ಯಾಸ.

ಹಾಗೆಂದು ದೆಹಲಿ ಕೈಕಟ್ಟಿ ಕೂತಿಲ್ಲ. 2030ರೊಳಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲ ಮಾಡುವ ಗುರಿ ಇಟ್ಟುಕೊಂಡಿದ್ದಾರೆ, 2024ರ ಜನವರಿಯಲ್ಲಿ ಕೇಂದ್ರ ಸಂಪುಟ 8,500 ಕೋಟಿ ರೂಪಾಯಿಯ ಪ್ರೋತ್ಸಾಹಧನ ಒಪ್ಪಿತು. ಗಮನಿಸಿ, ಇದರಲ್ಲಿ ಮುಂದೆ ನಿಂತಿರುವುದು ಡೀಸೆಲ್ ಅಲ್ಲ. ಯೂರಿಯಾ, ಗಣಿಗಳ ಸಿಡಿಮದ್ದಿಗೆ ಬೇಕಾದ ಅಮೋನಿಯಂ ನೈಟ್ರೇಟ್, ಮೆಥನಾಲ್, ಕಬ್ಬಿಣ ತಯಾರಿಕೆಯ ಅನಿಲ. ಒಡಿಶಾದ ಅಂಗುಲ್‌ನಲ್ಲಿ ಕಬ್ಬಿಣಕ್ಕೆ ಕಲ್ಲಿದ್ದಲು ಅನಿಲ ಬಳಸುವ ಕಾರ್ಖಾನೆ ಈಗಾಗಲೇ ಇದೆ. ಹೈದರಾಬಾದಿನಲ್ಲಿ ಭಾರೀ ಯಂತ್ರ ತಯಾರಿಸುವ ಸರಕಾರಿ ಕಂಪನಿ ಬಿಎಚ್‌ಇಎಲ್‌ನವರು ಬೂದಿ ಹೆಚ್ಚಿರುವ ನಮ್ಮ ಕಲ್ಲಿದ್ದಲಿನಿಂದ ಮೆಥನಾಲ್ ತೆಗೆದು ತೋರಿಸಿದರು, ದಿನಕ್ಕೆ ಕಾಲು ಟನ್. ಇಷ್ಟು ದೊಡ್ಡ ಸಂಸ್ಥೆ ಕಾಲು ಟನ್ನಿನಿಂದ ಶುರುಮಾಡಿದ್ದನ್ನು ಐದು ಸಾವಿರ ಲೀಟರಿನ ಮಾತಿನ ಪಕ್ಕ ಇಟ್ಟು ನೋಡಿ.

ಇದು ನನಗೆ ಒಪ್ಪಿಗೆಯಾಗುವ ದಾರಿ. ಯೂರಿಯಾಕ್ಕೆ ಆ ಅನಿಲದಿಂದ ಬೇಕಾದದ್ದು ಜಲಜನಕ ಮತ್ತು ಇಂಗಾಲದ ಡೈ ಆಕ್ಸೈಡ್ ಮಾತ್ರ, ಉದ್ದ ಸರಪಳಿ ಹೆಣೆಯುವ ಕಷ್ಟವಿಲ್ಲ. ಆದರೂ ಹಳೆಯ ಪಾಠ ಮರೆಯಬಾರದು. ತಾಲ್ಚೇರ್ ಮತ್ತು ರಾಮಗುಂಡಂನಲ್ಲಿ ಕಲ್ಲಿದ್ದಲಿನಿಂದಲೇ ಯೂರಿಯಾ ಮಾಡುವ ಎರಡು ಸರಕಾರಿ ಕಾರ್ಖಾನೆಗಳು 1980ರಲ್ಲಿ ಶುರುವಾಗಿದ್ದವು. ಕರೆಂಟು ಸರಿಯಾಗಿ ಇರುತ್ತಿರಲಿಲ್ಲ, ಬೂದಿ ಯಂತ್ರಗಳನ್ನು ತಿನ್ನುತ್ತಿತ್ತು, 1999ರಲ್ಲಿ ಮುಚ್ಚಿದವು. ನಮ್ಮ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತೈದು ಬೂದಿ. ಹೊರದೇಶದ ಯಂತ್ರ ತಂದು ನಮ್ಮ ಕಲ್ಲಿದ್ದಲು ಹಾಕಿದರೆ ಕಲ್ಲು ಸೇರಿದ ಅಕ್ಕಿಯನ್ನು ಮಿಕ್ಸಿಗೆ ಹಾಕಿದ ಕಥೆ.

ಈಗ ಒಂದು ಕ್ಷಣ ಯಾರೋ ಧೈರ್ಯವಂತರು ತಾಲ್ಚೇರಿನಲ್ಲಿ ಯೋಜಿಸಿದ್ದ ದಿನಕ್ಕೆ 80,000 ಬ್ಯಾರೆಲ್ ಗಾತ್ರದ್ದನ್ನೇ ಭದ್ರಾವತಿ ಹೊರವಲಯಕ್ಕೆ ತಂದರು ಅಂದುಕೊಳ್ಳೋಣ. ನೀರು ಇದೆಯಲ್ಲ, ಮಲೆನಾಡಲ್ಲಿ ಮಾಡಬಹುದಲ್ಲ ಎಂದು ಬಹಳ ಜನ ಕೇಳುತ್ತಾರೆ. ಬೂದಿ ಹೆಚ್ಚಿರುವ ಕಲ್ಲಿದ್ದಲಿನಲ್ಲಿ ಟನ್ನಿಗೆ ಸುಮಾರು ಒಂದು ಬ್ಯಾರೆಲ್, ಅಂದರೆ 159 ಲೀಟರ್ ಎಂದು ಹಿಡಿದರೆ ದಿನಕ್ಕೆ 80,000 ಟನ್ ಬೇಕು. ಒಂದು ಗೂಡ್ಸ್ ರೇಕು ತರುವುದು ನಾಲ್ಕು ಸಾವಿರ ಟನ್ನಿನಷ್ಟು. ಬೀರೂರಿನಿಂದ ಬರುವ ನಮ್ಮ ರೈಲು ಹಳಿಯ ಮೇಲೆ ದಿನಕ್ಕೆ ಇಪ್ಪತ್ತು ರೇಕು ತುಂಬಿ ಬರಬೇಕು, ಇಪ್ಪತ್ತು ಖಾಲಿಯಾಗಿ ಹೋಗಬೇಕು. ತಾಳಗುಪ್ಪದ ರೈಲಿಗೆ ಕಾಯುವವರು ಸ್ಟೇಷನ್ನಿನಲ್ಲೇ ಮನೆ ಮಾಡಬೇಕಾದೀತು. ಬೂದಿ ಮೂವತ್ತು ಸಾವಿರ ಟನ್, ಹತ್ತು ಟನ್ನಿನ ಲಾರಿಯಲ್ಲಿ ಮೂರು ಸಾವಿರ ಲೋಡು, ಪ್ರತಿದಿನ. ಸುರಿಯುವುದು ಎಲ್ಲಿ, ನಿಮ್ಮ ತೋಟದಲ್ಲೋ, ಭದ್ರಾ ಅಭಯಾರಣ್ಯದಲ್ಲೋ? ಇದೇ ಕಾರಣಕ್ಕೆ ಇಂಥ ಸ್ಥಾವರ ಗಣಿಯ ಬಾಯಿಯಲ್ಲೇ ಇರಬೇಕು. ನಮಗೆ ಹತ್ತಿರದ್ದು ಎಂದರೆ ತೆಲಂಗಾಣದ ಸಿಂಗರೇಣಿ.

ನೀರಿನ ಲೆಕ್ಕ ಮಾತ್ರ ನಾನು ಅಂದುಕೊಂಡಷ್ಟು ಕೆಟ್ಟದಾಗಿ ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಂದು ಬ್ಯಾರೆಲ್ ಎಣ್ಣೆಗೆ ಆರು ಬ್ಯಾರೆಲ್ ನೀರು ಎಂದು ಹಿಡಿದರೆ ವರ್ಷಕ್ಕೆ ಹತ್ತಿರ ಹತ್ತಿರ 1 ಟಿಎಂಸಿ. ಭದ್ರಾ ಜಲಾಶಯದ 71.5 ಟಿಎಂಸಿ ಮುಂದೆ ಇದು ದೊಡ್ಡದಲ್ಲ. ತಾಲ್ಚೇರಿನಲ್ಲೋ ಓರ್ಡೋಸ್‌ನ ಮರಳುಗಾಡಿನಲ್ಲೋ ಕುತ್ತಿಗೆಗೆ ಬರುವ ನೀರು ನಮ್ಮಲ್ಲಿ ಕಾಗದದ ಮೇಲೆ ಸಿಕ್ಕೀತು. ಆದರೆ ಅದೇ 1 ಟಿಎಂಸಿ, 2011ರ ಜನಗಣತಿಯಂತೆ 3.2 ಲಕ್ಷ ಜನರ ಶಿವಮೊಗ್ಗ ನಗರ ಕುಡಿಯುವುದಕ್ಕಿಂತ ಹೆಚ್ಚು. ಬೇಸಿಗೆಯಲ್ಲಿ ಕಾಲುವೆಯ ಕೊನೆಯ ದಾವಣಗೆರೆ ರೈತರು ಹನಿ ಹನಿಗೂ ಜಗಳ ಕಾಯುತ್ತಾರೆ. 2019ರಲ್ಲಿ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತೆದ್ದಾಗ ಶಿವಮೊಗ್ಗ ಬಂದ್ ಆಗಿದ್ದು ನಿಮಗೆ ನೆನಪಿರಬಹುದು. ಕಾಗದದ ನೀರಿಗೂ ನದಿಯ ನೀರಿಗೂ ಅಷ್ಟು ಅಂತರ.

ಇನ್ನು ನಿಮ್ಮ ಎರಡು ಲಕ್ಷಕ್ಕೆ ಬರೋಣ. ಹತ್ತು ಟನ್ನಿಗೆ ಐದು ಸಾವಿರ ಲೀಟರ್ ಎಂದರೆ ಟನ್ನಿಗೆ ಐನೂರು ಲೀಟರ್. ತೊಂಬತ್ತು ವರ್ಷದ ಅನುಭವ, ಒಳ್ಳೆಯ ಕಲ್ಲಿದ್ದಲು, ಪರ್ವತದಂಥ ಸ್ಥಾವರ ಎಲ್ಲ ಇದ್ದೂ ಅನಿಲದ ದಾರಿಯಲ್ಲಿ ಟನ್ನಿಗೆ ಒಂದೆರಡು ಬ್ಯಾರೆಲ್, ಅಂದರೆ ನೂರೈವತ್ತರಿಂದ ಮುನ್ನೂರು ಲೀಟರ್. ನಿಮ್ಮ ಸಂಘದ ಶೆಡ್ಡಿನಲ್ಲಿ ಐನೂರು ಹೇಗೆ ಬರುತ್ತದೆ?

ಇದನ್ನು ಕಾವಿನ ಲೆಕ್ಕದಲ್ಲಿ ಹಾಕಿ ನೋಡಲು ಮಗನಿಗೆ ಹೇಳಿ, ಐದು ನಿಮಿಷದ ಕೆಲಸ. ನಮ್ಮ ಸಾಧಾರಣ ಕಲ್ಲಿದ್ದಲಿನ ಒಂದು ಕಿಲೋದಲ್ಲಿ 4,000 ಕಿಲೋಕ್ಯಾಲೊರಿಯಷ್ಟು ಕಾವಿರುತ್ತದೆ. ಚೆನ್ನಾಗಿ ಒಣಗಿದ ಅಡಿಕೆ ಸಿಪ್ಪೆಯದೂ ಹೆಚ್ಚುಕಡಿಮೆ ಅಷ್ಟೇ. ಟನ್ನಿಗೆ 40 ಲಕ್ಷ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 8,600. ಐನೂರು ಲೀಟರಿಗೆ 43 ಲಕ್ಷ. ಹಾಕಿದ್ದು 40, ತೆಗೆದದ್ದು 43! ಅರ್ಧ ಕಲ್ಲಿದ್ದಲು ಜಲಜನಕಕ್ಕೇ ಹೋಗುತ್ತದೆ ಎಂದು ಆಗಲೇ ಹೇಳಿದೆನಲ್ಲ, ಅದನ್ನು ಬಿಟ್ಟೇ ಈ ಲೆಕ್ಕ. ಒಂದು ಸೇರು ಹಾಲಿಗೆ ಒಂದೂಕಾಲು ಸೇರು ಬೆಣ್ಣೆ ಕೊಡುತ್ತೇನೆಂದು ಬಂದವರ ಮಜ್ಜಿಗೆ ಕುಡಿಯಲೂ ನಾನು ಹಿಂದೆಮುಂದೆ ನೋಡುತ್ತೇನೆ.

ಹಾಗಾದರೆ ಆ ಬಾಟಲಿಯಲ್ಲಿದ್ದದ್ದು ಏನು? ಏನೂ ಇಲ್ಲದೆ ಬಾಟಲಿ ತುಂಬಿಸಿರಲಿಕ್ಕಿಲ್ಲ. ಗಾಳಿಯಾಡದ ಪಾತ್ರೆಯಲ್ಲಿ ಕಲ್ಲಿದ್ದಲನ್ನೋ ಸಿಪ್ಪೆಯನ್ನೋ ಐನೂರು ಡಿಗ್ರಿಯ ಸುಮಾರಿಗೆ ಕಾಯಿಸಿದರೆ ಹೊಗೆ ಬರುತ್ತದೆ, ತಣಿಸಿದರೆ ಎಣ್ಣೆಯಂಥ ಕಪ್ಪು ದ್ರವ ಇಳಿಯುತ್ತದೆ. ಭದ್ರಾವತಿಯ ಭಟ್ಟಿಯ ಕೆಲಸವೇ. ಕಲ್ಲಿದ್ದಲಿನಿಂದಾದರೆ ಟನ್ನಿಗೆ ನೂರು ಲೀಟರಿನ ಒಳಗೆ, ಅದೂ ಒಳ್ಳೆಯದಾದರೆ. ಸಿಪ್ಪೆಯಿಂದ ಹೆಚ್ಚು ಬಂದಂತೆ ಕಾಣುತ್ತದೆ, ಆದರೆ ಅದರಲ್ಲಿ ನೀರು ಮತ್ತು ಹುಳಿಯೇ ಬಹುಪಾಲು. ಈ ದ್ರವ ಉರಿಯುತ್ತದೆ ಎಂಬುದು ಸತ್ಯ. ಉರಿಯುವುದೆಲ್ಲ ಡೀಸೆಲ್ ಆಗುವುದಿಲ್ಲ. ಹೊಳೆಯುವಂತೆ ಕಾಣಲು ಅದಕ್ಕೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ ತೋರಿಸುವವರೂ ಇದ್ದಾರೆ. ನಿಮ್ಮಲ್ಲಿಗೆ ಬಂದವರು ಹಾಗೆ ಮಾಡಿದರು ಎಂದು ನಾನು ಹೇಳುತ್ತಿಲ್ಲ.

ಬಂಕಿನ ಡೀಸೆಲಿಗೆ ಐಎಸ್ 1460 ಎಂಬ ಮಾನದಂಡವಿದೆ. 2020ರ ಏಪ್ರಿಲಿನಿಂದ ಬಿಎಸ್-6 ಎಂಬ ವಾಹನದ ಹೊಗೆಯ ನಿಯಮ ಬಂದ ಮೇಲೆ ಗಂಧಕ ಹತ್ತು ಲಕ್ಷದಲ್ಲಿ ಹತ್ತು ಪಾಲಿಗಿಂತ ಹೆಚ್ಚಿರಬಾರದು, ಸೀಟೇನ್ ಸಂಖ್ಯೆ (ಎಂಜಿನ್ನಿನಲ್ಲಿ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದರ ಅಳತೆ) 51ಕ್ಕಿಂತ ಕಡಿಮೆಯಾಗಬಾರದು. ತಮಾಷೆಯೆಂದರೆ ಫಿಷರ್-ಟ್ರೋಪ್ಷ್ ದಾರಿಯ ನಿಜವಾದ ಡೀಸೆಲ್ ಇದನ್ನು ಸುಲಭವಾಗಿ ದಾಟುತ್ತದೆ. ಅದರಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ, ಸೀಟೇನ್ 70ರ ಮೇಲೆ, ನೋಡಲು ನೀರಿನಷ್ಟು ತಿಳಿ. ಹಾಗಾಗಿ ಬಾಟಲಿಯ ಎಣ್ಣೆ ಕಂದಾಗಿದ್ದು, ಟಾರು ಅಥವಾ ಸುಟ್ಟ ಹೊಗೆಯ ವಾಸನೆ ಬರುತ್ತಿದ್ದರೆ ಅದು ಯಾವ ದಾರಿಯದು ಎಂದು ನೀವೇ ತೀರ್ಮಾನಿಸಬಹುದು. ಅದೂ ಅಲ್ಲದೆ ವಾಹನದ ಇಂಧನ ತಯಾರಿಸಿ ಮಾರುವುದಕ್ಕೆ, ಕೂಡಿಡುವುದಕ್ಕೆ ಸರಕಾರದ ಪರವಾನಗಿಗಳು ಬೇಕು. ಐದು ಸಾವಿರ ಲೀಟರ್ ಸಂಘದ ಗೋದಾಮಿನಲ್ಲಿ ಇಟ್ಟರೆ ಮೊದಲು ಕೇಸು ಬೀಳುವುದು ಸಂಘದ ಅಧ್ಯಕ್ಷರ ಮೇಲೆ, ಯಂತ್ರ ಮಾರಿದವರ ಮೇಲಲ್ಲ.

ಅವರು ಮತ್ತೆ ಬರುವುದಾದರೆ ಜಗಳವಾಡಬೇಡಿ. ಐಎಸ್ 1460ರಂತೆ ಮಾನ್ಯತೆ ಪಡೆದ ಪ್ರಯೋಗಾಲಯ ಕೊಟ್ಟ ವರದಿ ತನ್ನಿ ಎನ್ನಿ, ಆದರೆ ಮಾದರಿಯನ್ನು ನಡೆಯುತ್ತಿರುವ ಯಂತ್ರದ ನಲ್ಲಿಯಿಂದ ನಮ್ಮವರೇ ಹಿಡಿಯುತ್ತಾರೆ ಎಂದೂ ಸೇರಿಸಿ. ಯಂತ್ರ ಒಂದು ತಿಂಗಳು ಬಿಡದೆ ಓಡಿದ ಜಾಗಕ್ಕೆ ಕರೆದುಕೊಂಡು ಹೋಗಲಿ. ಅಲ್ಲಿ ತೂಕದ ಚೀಟಿ, ಕರೆಂಟು ಬಿಲ್ಲು ಎರಡನ್ನೂ ನೋಡಿ. ಕಲ್ಲಿದ್ದಲು ಎಲ್ಲಿಂದ, ಯಾವ ದರಕ್ಕೆ, ಹೊಸನಗರದ ಘಟ್ಟದ ರಸ್ತೆಗೆ ಲಾರಿ ಬಾಡಿಗೆ ಎಷ್ಟು ಎಂದೂ ಕೇಳಿ. ಇಷ್ಟು ಕೇಳುವಷ್ಟರಲ್ಲಿ ಸಭೆ ಮುಗಿಯುತ್ತದೆ ಎಂದು ನನ್ನ ಅಂದಾಜು. ಪಾಲುಹಣ ಈಗಾಗಲೇ ಕೊಟ್ಟವರಿದ್ದರೆ ರಸೀದಿ, ಕರಪತ್ರ, ಫೋನಿನ ಸಂದೇಶ ಯಾವುದನ್ನೂ ಎಸೆಯದೆ ಇಟ್ಟುಕೊಳ್ಳಲಿ.

ಅಡಿಕೆ ಸಿಪ್ಪೆಯ ಬಗ್ಗೆ ಒಂದೇ ಮಾತು. ಅದನ್ನು ಸೋಗೆಯ ಜೊತೆ ಸುಮ್ಮನೆ ಕೊಳೆಸುವವರಿಗಿಂತ, ಅಡಿಕೆ ಬೇಯಿಸುವ ಒಲೆಗೋ ಮಳೆಗಾಲದ ಡ್ರೈಯರಿಗೋ ಒಣಗಿಸಿ ಹಾಕುವವರು ಜಾಣರು. ಕಾವು ಬೇಕಾದ ಕಡೆ ಕಾವಾಗಿಯೇ ಬಳಸಿದರೆ ಜಲಜನಕದ ದಂಡ ತೆರಬೇಕಾಗಿಲ್ಲ. ಡೀಸೆಲ್ ಉಳಿಸಬೇಕೆಂದರೆ ನೀರೆತ್ತುವ ಡೀಸೆಲ್ ಪಂಪು ಇನ್ನೂ ಇದ್ದರೆ ಅದನ್ನು ಕರೆಂಟಿಗೋ ಸೌರಕ್ಕೋ ಬದಲಿಸಿ. ಟಿಲ್ಲರಿಗೆ ಸದ್ಯಕ್ಕೆ ಬಂಕಿನ ಡೀಸೆಲೇ ಗತಿ.

ಆ ಬಾಟಲಿಯದ್ದನ್ನು ಟಿಲ್ಲರಿಗೆ ಖಂಡಿತ ಹಾಕಬೇಡಿ. ಅಂಥ ಎಣ್ಣೆಯ ಹುಳಿ ಪಂಪನ್ನು ತಿನ್ನುತ್ತದೆ, ಅಂಟು ನಾಜಲಿನ ತೂತಿನಲ್ಲಿ ಕೂರುತ್ತದೆ. ರಿಪೇರಿಗೆ ಸಾಗರಕ್ಕೋ ತೀರ್ಥಹಳ್ಳಿಗೋ ಹೊತ್ತುಕೊಂಡು ಹೋಗಬೇಕಾದೀತು. ಮೈಗೂ ತಾಗಿಸಿಕೊಳ್ಳಬೇಡಿ, ಕಲ್ಲಿದ್ದಲಿನ ಟಾರಿನಲ್ಲಿ ಚರ್ಮಕ್ಕೆ ಕೇಡು ಮಾಡುವ ಫೀನಾಲ್‌ಗಳು ಇರುತ್ತವೆ. ಮುಚ್ಚಳ ಬಿಗಿ ಮಾಡಿ, ಮೇಲೆ "ವಿಷ" ಎಂದು ದಪ್ಪಗೆ ಬರೆದು, ಮಕ್ಕಳ ಕೈಗೆ ಸಿಗದ ಕಡೆ, ಒಲೆಯಿಂದ ದೂರ ಇಡಿ. ಚೆಲ್ಲಬೇಡಿ, ಮುಂದೆ ಯಾರಾದರೂ ದೂರು ಕೊಡಬೇಕಾಗಿ ಬಂದರೆ ಅದೂ ಒಂದು ಸಾಕ್ಷಿ.